ಭಾನುವಾರದ ಅಂಗಡಿಯೂ ಕೆಲಸದಾಳಿನ ರಜೆಯೂ

ಭಾನುವಾರ ಅಂಗಡಿಗಳನ್ನು ಇಷ್ಟಬಂದಂತೆ ತೆರೆಯಲು ಬಿಡಬೇಕೇ, ಬೇಡವೇ? ಈ ಪ್ರಶ್ನೆಯನ್ನು ಬೆಂಗಳೂರಿನ ಹೊರವಲಯದಲ್ಲಿ ನಿಂತು ಕೇಳಿದರೆ ಜನ ನಮ್ಮ ಮುಖವನ್ನೇ ನೋಡಿಯಾರು. ವೈಟ್‌ಫೀಲ್ಡ್‌ನ ಮಾಲ್‌ಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದ ದಿನವೆಂದರೆ ಭಾನುವಾರವೇ. ಇಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯ ಹೋಟೆಲುಗಳು ವಾರದ ಲೆಕ್ಕವನ್ನು ಸರಿದೂಗಿಸಿಕೊಳ್ಳುವುದು ಶನಿವಾರ ಸಂಜೆಯಿಂದ ಭಾನುವಾರ ರಾತ್ರಿಯೊಳಗೆ. ಪೀಣ್ಯದ ಆಚೀಚೆ, ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿಯ ಓಣಿಗಳಲ್ಲಿ ಬೆಳಗ್ಗೆ ಏಳಕ್ಕೇ ಮಾಂಸದಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ಮುಚ್ಚಿದ್ದು ಯಾವಾಗ, ತೆರೆಯಲು ಅನುಮತಿ ಕೇಳುವುದಕ್ಕೆ?

ಹಾಗಿದ್ದೂ ಪ್ರಶ್ನೆ ಮುಗಿದಿಲ್ಲ. ಅಂಗಡಿ ತೆರೆದಿದೆ ಎಂದರೆ ಅದರೊಳಗೆ ಯಾರೋ ನಿಂತಿದ್ದಾರೆ ಎಂದರ್ಥ. ಈ ಚರ್ಚೆಯಲ್ಲಿ ಕೊಳ್ಳುವವನ ಅನುಕೂಲ, ಮಾರುವವನ ಲಾಭ, ಸರಕಾರದ ತೆರಿಗೆ ಎಲ್ಲವೂ ಬರುತ್ತವೆ. ನಿಂತಿರುವವನು ಮಾತ್ರ ಕಡೆಗೆ, ಅದೂ ಒಂದು ಷರತ್ತಿನ ರೂಪದಲ್ಲಿ ಬರುತ್ತಾನೆ. ಅವನಿಂದಲೇ ಮಾತು ಆರಂಭಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಾನೂನಿನ ಸಂಗತಿ. ಆಗಿನ ಮೈಸೂರು ರಾಜ್ಯದಲ್ಲಿ ರೂಪುಗೊಂಡ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಭಾನುವಾರದ ಹೆಸರನ್ನು ಹಿಡಿದು ಕೂತಿರಲಿಲ್ಲ. ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕು, ಆ ದಿನ ಯಾವುದೆಂಬುದನ್ನು ಮಾಲೀಕನೇ ವರ್ಷದ ಆರಂಭದಲ್ಲಿ ಗೊತ್ತುಮಾಡಿ ತನಿಖಾಧಿಕಾರಿಗೆ ತಿಳಿಸಬೇಕು, ಅಂಗಡಿಯಲ್ಲಿ ಎದ್ದು ಕಾಣುವಂತೆ ಫಲಕ ಹಾಕಬೇಕು ಎಂಬುದು ಅದರ ಮೂಲ ಕಲ್ಪನೆ. ಕೆಲಸದ ಅವಧಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ನಮ್ಮ ಪೇಟೆಗಳಲ್ಲಿ ಒಂದೊಂದು ಬೀದಿಗೆ ಒಂದೊಂದು ರಜಾ ದಿನವಿದ್ದುದನ್ನು ಹಿರಿಯ ಓದುಗರು ಬಲ್ಲರು. ಬಟ್ಟೆಯಂಗಡಿ ಸಾಲು ಭಾನುವಾರ, ಕ್ಷೌರದಂಗಡಿ ಮಂಗಳವಾರ, ಮುಸ್ಲಿಮರ ಕೆಲವು ಅಂಗಡಿಗಳು ಶುಕ್ರವಾರ. ಯಾರೂ ಇದನ್ನು ಧರ್ಮಸಂಕಟವೆಂದು ತಿಳಿದಿರಲಿಲ್ಲ.

ಬದಲಾವಣೆಯ ದೊಡ್ಡ ಹೆಜ್ಜೆ ಬಿದ್ದದ್ದು 2021ರ ಜನವರಿಯಲ್ಲಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಅಂಗಡಿಗಳು ದಿನದ 24 ಗಂಟೆಯೂ ವರ್ಷದ ಎಲ್ಲ ದಿನವೂ ತೆರೆದಿರಬಹುದೆಂದು ರಾಜ್ಯ ಸರಕಾರ ಮೂರು ವರ್ಷಗಳ ಅವಧಿಗೆ ಆದೇಶ ಹೊರಡಿಸಿತು. ಕೊರೋನಾದಿಂದ ಕುಸಿದ ವ್ಯಾಪಾರಕ್ಕೆ ಚೈತನ್ಯ ಕೊಡುವುದು ಎಂಬ ಮಾತು ಆಗ ಕೇಳಿಬಂತು. ಕೇಂದ್ರ ಸಚಿವ ಸಂಪುಟ 2016ರಲ್ಲೇ ಒಪ್ಪಿದ್ದ ಮಾದರಿ ಮಸೂದೆಯ ನೆರಳು ಇದರ ಮೇಲಿತ್ತು. ಆದೇಶದಲ್ಲಿ ಷರತ್ತುಗಳಿರಲಿಲ್ಲ ಎಂದಲ್ಲ. ಸರದಿಯ ಮೇಲೆ ಪ್ರತಿಯೊಬ್ಬನಿಗೂ ವಾರಕ್ಕೊಂದು ರಜೆ ಸಿಗುವಂತೆ ಹೆಚ್ಚುವರಿ ಕೆಲಸಗಾರರನ್ನು ನೇಮಿಸಬೇಕು, ದಿನಕ್ಕೆ 8 ಗಂಟೆಯ ಮೇಲೆ ದುಡಿಸಿದರೆ ಹೆಚ್ಚುವರಿ ವೇತನ ಕೊಡಬೇಕು, ಅದೂ ಸೇರಿ ದಿನಕ್ಕೆ 10 ಗಂಟೆ ಮೀರಬಾರದು, ವೇತನ ಬ್ಯಾಂಕ್ ಖಾತೆಗೇ ಹೋಗಬೇಕು, ಮಹಿಳೆಯರನ್ನು ರಾತ್ರಿ ಎಂಟರ ನಂತರ ಅವರ ಲಿಖಿತ ಒಪ್ಪಿಗೆಯಿಲ್ಲದೆ ದುಡಿಸಬಾರದು, ಯಾರು ಇಂದು ರಜೆಯಲ್ಲಿದ್ದಾರೆ ಎಂಬುದನ್ನು ದಿನದಿನವೂ ಅಂಗಡಿಯಲ್ಲಿ ಪ್ರಕಟಿಸಬೇಕು.

ಕಾಗದದ ಮೇಲೆ ಇದಕ್ಕಿಂತ ಇನ್ನೇನು ಬೇಕು? ಆದರೆ ಆ ‘ಹತ್ತು ಮಂದಿ’ ಎಂಬ ಗೆರೆಯನ್ನು ಸ್ವಲ್ಪ ಗಮನಿಸಿ. ಹತ್ತಾರು ಮಂದಿಯನ್ನಿಟ್ಟುಕೊಂಡ ಸೂಪರ್ ಮಾರ್ಕೆಟ್ ಹಗಲೂ ರಾತ್ರಿ ತೆರೆದಿರಬಹುದು. ಅದರ ಎದುರಿಗೆ ಗಂಡ, ಹೆಂಡತಿ ಮತ್ತು ಒಬ್ಬ ಹುಡುಗ ಸೇರಿ ನಡೆಸುವ ದಿನಸಿ ಅಂಗಡಿಗೆ ಆ ಆದೇಶದಲ್ಲಿ ಜಾಗವಿಲ್ಲ. ರಾತ್ರಿ ಬೀಟ್ ಪೊಲೀಸರು ಲಾಠಿಯಿಂದ ಶಟರ್ ತಟ್ಟುವುದು ಈ ಎರಡನೆಯವನ ಬಾಗಿಲಿಗೆ. ‘ಮುಕ್ತ’ ವ್ಯಾಪಾರ ಎಂಬ ಪದವನ್ನು ಬಳಸುವವರು ಮುಕ್ತಿ ಯಾರಿಗೆ ಸಿಕ್ಕಿತು ಎಂಬುದನ್ನೂ ಹೇಳಬೇಕಲ್ಲವೇ?

ಭಾನುವಾರದ ರಜೆ ಬ್ರಿಟಿಷರ ಬಳುವಳಿ, ಕ್ರೈಸ್ತರ ದಿನ, ನಮಗೇಕೆ ಎಂದು ಹೇಳುವವರು ನಮ್ಮೊಳಗೂ ಇದ್ದಾರೆ, ಹೊರಗೂ ಇದ್ದಾರೆ. ಅರ್ಧ ನಿಜ. ವೈಟ್‌ಫೀಲ್ಡ್‌ನ ಮಟ್ಟಿಗೆ ಅದು ಅಕ್ಷರಶಃ ನಿಜವೂ ಹೌದು. 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ ಭೂಮಿಯಲ್ಲಿ ಎದ್ದ ಊರು ಅದು. ಡಿ.ಎಸ್. ವೈಟ್ ಎಂಬವರ ಹೆಸರನ್ನೇ ಹೊತ್ತುಕೊಂಡಿದೆ. ಇಗರ್ಜಿಯ ಗಂಟೆಗೆ ಎದ್ದು, ಮಧ್ಯಾಹ್ನ ಊಟ ಮಾಡಿ ಜಗುಲಿಯಲ್ಲಿ ಕುಳಿತುಕೊಳ್ಳುವ ಭಾನುವಾರ ಅಲ್ಲಿತ್ತು. ಐಟಿ ಪಾರ್ಕ್ ಬಂದ ಮೇಲೆ ಆ ಭಾನುವಾರ ಎಲ್ಲಿ ಹೋಯಿತೋ ಗೊತ್ತಿಲ್ಲ. ಈಗ ಅಲ್ಲಿ ಭಾನುವಾರ ಎಂದರೆ ಖರೀದಿ.

ಉಳಿದರ್ಧ ಮುಂಬಯಿಯ ಗಿರಣಿಗಳಲ್ಲಿದೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಚಳವಳಿಯಿಂದ ಬಂದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿ ವಾರದ ರಜೆಗಾಗಿ ವರ್ಷಗಟ್ಟಲೆ ಹೋರಾಡಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಬಂತು. ಭಾನುವಾರವೇ ಏಕೆ ಎಂಬುದಕ್ಕೆ ಲೋಖಂಡೆಯವರ ಕಡೆಯವರು ಕೊಟ್ಟ ಕಾರಣಗಳಲ್ಲಿ ಒಂದು, ಅದು ಖಂಡೋಬಾನ ದಿನ ಎಂಬುದು. ಅಂದರೆ ಸಾಹೇಬನಿಗೆ ಇಗರ್ಜಿಯ ದಿನ, ಕೂಲಿಗೆ ಜೇಜೂರಿಯ ದಿನ. ಬಿಳಿಯನು ಕೊಟ್ಟ ರಜೆಯನ್ನು ನಾವು ಅನುಭವಿಸುತ್ತಿದ್ದೇವೆ ಎಂಬುದು ಸರಿಯಲ್ಲ. ಬಿಳಿಯನಿಗೆ ಮೊದಲೇ ಇದ್ದ ರಜೆಯನ್ನು ಕೂಲಿಕಾರನು ತನಗೂ ಬೇಕೆಂದು ಕೇಳಿ ಪಡೆದ.

ಅದಕ್ಕೂ ಮುಂಚೆ ನಮ್ಮಲ್ಲಿ ರಜೆ ಇರಲೇ ಇಲ್ಲವೇ? ಇತ್ತು. ಮನುಷ್ಯನಿಗಿಂತ ಮೊದಲು ಎತ್ತಿಗೆ ಇತ್ತು. ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಮಾವಾಸ್ಯೆಯಂದು ಆರು ಹೂಡುವುದಿಲ್ಲ, ಹಲವು ಕಸುಬುದಾರರು ಉಪಕರಣ ಮುಟ್ಟುವುದಿಲ್ಲ. ಆ ನಿಯಮಕ್ಕೆ ತನಿಖಾಧಿಕಾರಿ ಇರಲಿಲ್ಲ, ದಂಡ ಇರಲಿಲ್ಲ, ಆದರೂ ನಡೆಯುತ್ತಿತ್ತು. ಎಲ್ಲರ ಎತ್ತೂ ಒಂದೇ ದಿನ ಕೊಟ್ಟಿಗೆಯಲ್ಲಿರುತ್ತಿದ್ದುದರಿಂದ ನೆರೆಯವನು ಮುಂದೆ ಹೋದಾನೆಂಬ ಆತಂಕವೂ ಇರಲಿಲ್ಲ. ಒಟ್ಟಿಗೆ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ ಎಂಬ ಈ ಸರಳ ಸಂಗತಿಯನ್ನು ಭಾನುವಾರದ ಚರ್ಚೆಯಲ್ಲಿ ಮತ್ತೆ ಕಾಣುತ್ತೇವೆ.

ಇಸ್ಲಾಮಿನ ನಿಲುವೇನು ಎಂದು ಓದುಗರು ಕೇಳಿಯಾರು. ಯಹೂದ್ಯರ ಸಬ್ಬತ್‌ನಂತಹ ವಿಶ್ರಾಂತಿಯ ದಿನ ನಮ್ಮಲ್ಲಿಲ್ಲ. ಕುರ್‌ಆನಿನ 62ನೇ ಅಧ್ಯಾಯ ಅಲ್ ಜುಮುಅ, ಶುಕ್ರವಾರದ ಕರೆ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಬರಲು ಹೇಳುತ್ತದೆ. ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಹರಡಿಕೊಂಡು ಅಲ್ಲಾಹನ ಅನುಗ್ರಹವನ್ನು ಅರಸಲು ಹೇಳುತ್ತದೆ. ಅಂಗಡಿ ಮುಚ್ಚುವುದು ಒಂದು ಗಂಟೆಗೆ, ಇಡೀ ದಿನಕ್ಕಲ್ಲ. ಮುಸ್ಲಿಮ್ ದೇಶಗಳೂ ರಜೆಯ ದಿನವನ್ನು ಬೇಕಾದಂತೆ ಬದಲಿಸಿಕೊಂಡಿವೆ. ಪಾಕಿಸ್ತಾನದಲ್ಲಿ 1977ರಲ್ಲಿ ಭುಟ್ಟೊ ಶುಕ್ರವಾರವನ್ನು ರಜೆ ಮಾಡಿದರು, 1997ರಲ್ಲಿ ನವಾಝ್ ಶರೀಫ್ ಮತ್ತೆ ಭಾನುವಾರಕ್ಕೆ ತಂದರು. ಯುಎಇ ಸರಕಾರ 2022ರ ಜನವರಿಯಿಂದ ಶನಿವಾರ ಮತ್ತು ಭಾನುವಾರವನ್ನು ರಜೆ ಮಾಡಿ ಶುಕ್ರವಾರವನ್ನು ಅರ್ಧ ದಿನದ ಕೆಲಸಕ್ಕೆ ಇಳಿಸಿತು. ಕರಾವಳಿಯ ನಮ್ಮ ಎಷ್ಟೋ ಮನೆಗಳಲ್ಲಿ ಅಂದಿನಿಂದ ದುಬೈಯ ಫೋನ್ ಬರುವ ದಿನವೇ ಬದಲಾಯಿತು.

ಹೀಗಾಗಿ ಭಾನುವಾರವನ್ನು ಪವಿತ್ರವೆಂದು ಕಾಪಾಡುವ ಹೊಣೆ ನಮ್ಮ ಮೇಲಿಲ್ಲ, ಅದನ್ನು ಕೆಡಹುವ ಉತ್ಸಾಹವೂ ನಮಗೆ ಬೇಡ. ಆದರೆ ಬಹುಸಂಖ್ಯಾತರ ದಿನವೊಂದನ್ನು ಎಲ್ಲರ ಮೇಲೂ ಹೇರಿದಾಗ ಏನಾಗುತ್ತದೆ ಎಂಬುದನ್ನು ಅಲ್ಪಸಂಖ್ಯಾತರಾದ ನಾವು ಬೇಗ ಅರ್ಥಮಾಡಿಕೊಳ್ಳಬಲ್ಲೆವು. ನಮ್ಮ ರಾಜ್ಯದ ಕಾಯ್ದೆ ರೂಪುಗೊಂಡ ಅದೇ 1961ರಲ್ಲಿ ಅಮೆರಿಕದ ಸುಪ್ರೀಮ್ ಕೋರ್ಟಿನ ಮುಂದೆ ಬ್ರೌನ್‌ಫೆಲ್ಡ್ ಎಂಬ ಯಹೂದಿ ವ್ಯಾಪಾರಿಯ ಮೊಕದ್ದಮೆ ಬಂತು. ಫಿಲಡೆಲ್ಫಿಯಾದ ಈ ವ್ಯಾಪಾರಿ ಧರ್ಮಕ್ಕಾಗಿ ಶನಿವಾರ ಬಾಗಿಲು ಮುಚ್ಚುತ್ತಿದ್ದ. ಕಾನೂನು ಅವನನ್ನು ಭಾನುವಾರವೂ ಮುಚ್ಚಿಸಿತು. ವಾರಕ್ಕೆ ಎರಡು ದಿನ ವ್ಯಾಪಾರವಿಲ್ಲದೆ ಪೈಪೋಟಿಯಲ್ಲಿ ನಿಲ್ಲುವುದು ಹೇಗೆ ಎಂಬುದು ಅವನ ಅಳಲು. ಭಾನುವಾರದ ರಜೆಯ ಉದ್ದೇಶ ಈಗ ಧಾರ್ಮಿಕವಲ್ಲ, ಎಲ್ಲರಿಗೂ ಒಂದು ಸಾಮಾನ್ಯ ವಿಶ್ರಾಂತಿಯ ದಿನ ಕೊಡುವುದಷ್ಟೇ ಎಂದು ಹೇಳಿ ನ್ಯಾಯಾಲಯ ಅವನ ಅರ್ಜಿಯನ್ನು ತಳ್ಳಿಹಾಕಿತು. ತರ್ಕ ಒಪ್ಪಬಹುದಾದದ್ದೇ, ಆದರೆ ಅದರ ಬೆಲೆ ತೆತ್ತವನು ಶನಿವಾರ ಮುಚ್ಚುವವನು ಮಾತ್ರ.

ನಮ್ಮ ದೇಶದ ಮೊಕದ್ದಮೆ ಇನ್ನೂ ಸ್ವಾರಸ್ಯಕರ. ಪಂಜಾಬಿನ ಫಿರೋಜ್‌ಪುರ ಕಂಟೋನ್ಮೆಂಟಿನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಮನೋಹರ ಲಾಲ್ ತಾನೇ ಆರಿಸಿಕೊಂಡಿದ್ದ ರಜಾ ದಿನ ಶುಕ್ರವಾರ. 1954ರ ಜನವರಿಯ ಒಂದು ಶುಕ್ರವಾರ ಸಂಜೆ ಅವನ ಮಗ ಅಂಗಡಿಯಲ್ಲಿ ವ್ಯಾಪಾರ ಮಾಡುತ್ತಿದ್ದುದನ್ನು ಅಧಿಕಾರಿ ಹಿಡಿದ. ನಮ್ಮಲ್ಲಿ ಕೂಲಿಯಾಳುಗಳೇ ಇಲ್ಲ, ನಾನೂ ನನ್ನ ಮನೆಯವರೂ ದುಡಿಯುವಾಗ ಸರಕಾರಕ್ಕೇನು ಎಂಬುದು ಮನೋಹರ ಲಾಲನ ವಾದ. ಮೊಕದ್ದಮೆ ಸುಪ್ರೀಮ್ ಕೋರ್ಟಿನವರೆಗೂ ಹೋಯಿತು. ಕೆಲಸಗಾರರಿಲ್ಲದ ಅಂಗಡಿಗೂ ವಾರದ ರಜೆ ಅನ್ವಯಿಸುತ್ತದೆ, ಮಾಲೀಕನ ಆರೋಗ್ಯವೂ ಸಮಾಜದ ಕಾಳಜಿಯೇ ಎಂಬ ನಿಲುವನ್ನು ನ್ಯಾಯಾಲಯ ತಾಳಿತು. ಇಂದಿನ ಕಾಲಕ್ಕೆ ಇದು ವಿಚಿತ್ರವಾಗಿ ಕೇಳುತ್ತದೆ. ಒಬ್ಬ ಪುಸ್ತಕ ವ್ಯಾಪಾರಿಯ ಆಯಾಸದ ಬಗ್ಗೆ ದೇಶದ ಅತ್ಯುನ್ನತ ನ್ಯಾಯಾಲಯ ಯೋಚಿಸಿದ ಕಾಲವೊಂದಿತ್ತು!

ಹಾಗಾದರೆ ಭಾನುವಾರ ಮುಚ್ಚಿಸೋಣವೇ? ಪೀಣ್ಯಕ್ಕೆ ಹೋದರೆ ಈ ಮಾತು ನಾಲಿಗೆಯಿಂದ ಹೊರಡದು. ಇಲ್ಲಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ವಾರದ ಆರು ದಿನ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಮರಳುವುದು ಕತ್ತಲಾದ ಮೇಲೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ತೆಗೆಯುವ ನಿಯಮ ಬದಲಾದಾಗ ಇವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದು ಕೇಂದ್ರ ಸರಕಾರವೇ ಹಿಂದೆ ಸರಿಯುವಂತೆ ಮಾಡಿದರು. ಬೆಂಗಳೂರು ಇವರನ್ನು ಕಣ್ಣೆತ್ತಿ ನೋಡಿದ್ದು ಆಗ. ಇವರಿಗೆ ರೇಷನ್ನು, ಮಕ್ಕಳ ಬಟ್ಟೆ, ಚಪ್ಪಲಿ, ಊರಿಗೆ ಕಳಿಸುವ ಸಾಮಾನು, ರಿಪೇರಿಗೆ ಕೊಡಬೇಕಾದ ಮಿಕ್ಸಿ ಎಲ್ಲಕ್ಕೂ ಇರುವುದು ಒಂದೇ ಭಾನುವಾರ. ಅಂದು ಅಂಗಡಿ ಮುಚ್ಚಿದರೆ ಕಷ್ಟವಾಗುವುದು ಮೊಬೈಲ್ ಒತ್ತಿ ಮನೆಗೇ ಸಾಮಾನು ತರಿಸಿಕೊಳ್ಳುವ ಅಪಾರ್ಟ್‌ಮೆಂಟಿನವರಿಗಲ್ಲ, ಈ ಹೆಣ್ಣುಮಕ್ಕಳಿಗೆ.

ಬಡ ವ್ಯಾಪಾರಿಯ ಲೆಕ್ಕವೂ ಬೇರೆ. ನಗರದೊಳಗಿನ ಸಂಡೇ ಬಜಾರ್ ನೋಡಿದವರಿಗೆ ಇದು ಗೊತ್ತು. ಬಿವಿಕೆ ಅಯ್ಯಂಗಾರ್ ರಸ್ತೆ, ಎಸ್‌ಜೆಪಿ ರಸ್ತೆಯ ಕಡೆ ದೊಡ್ಡ ಅಂಗಡಿಗಳು ಭಾನುವಾರ ಶಟರ್ ಎಳೆದಾಗ ಅವುಗಳ ಮುಂದಿನ ಕಾಲುದಾರಿಯಲ್ಲಿ ಹಳೆಯ ಬಟ್ಟೆ, ಹಳೆಯ ಶೂ, ಬಿಚ್ಚಿದ ಯಂತ್ರದ ಭಾಗಗಳು ಹರಡಿಕೊಳ್ಳುತ್ತವೆ. ಮಾರುವವರಲ್ಲಿ ಮುಸ್ಲಿಮರ ಸಂಖ್ಯೆ ಸಾಕಷ್ಟಿದೆ. ಒಬ್ಬನ ರಜೆಯ ನೆರಳಿನಲ್ಲಿ ಇನ್ನೊಬ್ಬನ ಅನ್ನ. ದೊಡ್ಡವರೂ ಭಾನುವಾರ ತೆರೆದರೆಂದರೆ ಕಾಲುದಾರಿಯವನು ಎದ್ದು ಹೋಗಬೇಕಾಗುತ್ತದೆ. ‘ಎಲ್ಲರೂ ತೆರೆಯಲಿ’ ಎಂಬ ಉದಾರ ಮಾತಿನಲ್ಲಿ ಈ ಸಂಗತಿ ಕಾಣುವುದೇ ಇಲ್ಲ.

ಇನ್ನು ಮಾಂಸದಂಗಡಿ. ಅಂಗಡಿ ತೆರೆಯುವ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುವ ನಗರ ಈ ಒಂದು ಅಂಗಡಿಯ ವಿಷಯದಲ್ಲಿ ಮಾತು ಮರೆಯುತ್ತದೆ. ಕುರಿ, ಕೋಳಿ ಮಾರುವವನಿಗೆ ವಾರದ ದುಡಿಮೆಯ ದೊಡ್ಡ ಪಾಲು ಬರುವುದು ಭಾನುವಾರ ಬೆಳಗ್ಗೆ. ರಾಮನವಮಿ, ಗಾಂಧಿ ಜಯಂತಿ, ಮಹಾವೀರ ಜಯಂತಿ ಮುಂತಾದ ದಿನಗಳಲ್ಲಿ ವಧೆ ಮತ್ತು ಮಾರಾಟ ಬಂದ್ ಎಂದು ಆಗಿನ ಬಿಬಿಎಂಪಿ ಸುತ್ತೋಲೆ ಹೊರಡಿಸುತ್ತಿತ್ತು. 2022ರಲ್ಲಿ ರಾಮನವಮಿ ಬಿದ್ದದ್ದು ಏಪ್ರಿಲ್ 10ರ ಭಾನುವಾರ, ರಮಝಾನ್ ತಿಂಗಳ ನಡುವೆ. ಅಂದಿನ ಸುತ್ತೋಲೆಯಿಂದ ಮಾಲ್ ಮುಚ್ಚಲಿಲ್ಲ, ಮದ್ಯದಂಗಡಿಗೆ ಸುತ್ತೋಲೆ ಅನ್ವಯವೂ ಇರಲಿಲ್ಲ. ನೆರೆಯವರ ಹಬ್ಬಕ್ಕೆ ಗೌರವ ಕೊಟ್ಟು ಒಂದು ದಿನ ಬಾಗಿಲು ಹಾಕುವುದು ದೊಡ್ಡ ಮಾತಲ್ಲ, ಎಷ್ಟೋ ಕಸಾಯಿಗಳು ತಾವಾಗಿ ಹಾಗೆ ಮಾಡುತ್ತಾರೆ. ಆದರೆ ವಾರದ ಏಳೂ ದಿನ ತೆರೆಯುವುದು ವ್ಯಾಪಾರಿಯ ಹಕ್ಕು ಎನ್ನುವವರು ಆ ಹಕ್ಕನ್ನು ಸರಕು ನೋಡಿ ಹಂಚಬಾರದು.

ಇಷ್ಟಾದ ಮೇಲೆ ನಮ್ಮ ಒಲವು ಅಂಗಡಿ ತೆರೆಯುವ ಕಡೆಗೇ ಎಂದು ಓದುಗರು ಊಹಿಸಿಯಾರು. ಹೌದು, ಭಾನುವಾರ ಕಡ್ಡಾಯವಾಗಿ ಮುಚ್ಚಿಸುವುದನ್ನು ನಾವು ಬೆಂಬಲಿಸುವುದಿಲ್ಲ. 2020ರ ಜುಲೈಯ ಭಾನುವಾರಗಳ ಲಾಕ್‌ಡೌನ್, 2022ರ ಜನವರಿಯ ವಾರಾಂತ್ಯದ ಕರ್ಫ್ಯೂ ನೋಡಿದ್ದೇವೆ. ರೋಗದ ಭಯವಿದ್ದಾಗಲೂ ಅದು ಯಾರ ಒಲೆಯನ್ನು ಮೊದಲು ಆರಿಸಿತು ಎಂಬುದು ಮರೆಯುವಂಥದ್ದಲ್ಲ. ಆದರೆ ತೆರೆಯಲಿ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮಗೆ ಸಾಧ್ಯವಿಲ್ಲ.

ವೈಟ್‌ಫೀಲ್ಡ್ ಕಡೆಯ ಒಂದು ಬಟ್ಟೆ ಮಳಿಗೆಯಲ್ಲಿ ದುಡಿಯುವ ಹೆಣ್ಣುಮಗಳನ್ನು ವಾರದ ರಜೆ ಸಿಗುತ್ತದೆಯೇ ಎಂದು ಕೇಳಿದೆವು. ‘‘ಸಿಗತ್ತೆ ಸಾರ್, ಮಂಗಳವಾರ. ಮಂಗಳವಾರ ಮನೇಲಿ ಯಾರಿರ್ತಾರೆ? ಮಕ್ಳು ಸ್ಕೂಲಿಗೆ, ಯಜಮಾನ್ರು ಫ್ಯಾಕ್ಟರಿಗೆ. ಬಟ್ಟೆ ಒಗ್ದು ಮಲ್ಕೊಳ್ಳೋದು, ಅಷ್ಟೇ,’’ ಎಂದಳು. ಕಾನೂನಿನ ಲೆಕ್ಕದಲ್ಲಿ ಅವಳಿಗೆ ರಜೆ ಇದೆ. ಅವಳ ಮಕ್ಕಳಿಗೂ ರಜೆ ಇದೆ, ಗಂಡನಿಗೂ ಇದೆ. ಒಂದೇ ದಿನ ಇಲ್ಲ. ಮದುವೆ, ಮುಂಜಿ, ನಾಮಕರಣ, ಶಾಲೆಯ ಪೋಷಕರ ಸಭೆ, ಊರಿನಿಂದ ಬರುವ ಅತ್ತೆ ಮಾವ ಎಲ್ಲವೂ ಭಾನುವಾರಕ್ಕೇ ಬರುತ್ತವೆ. ಮಂಗಳವಾರಕ್ಕೆ ಬರುವುದು ನಲ್ಲಿ ನೀರು ಮಾತ್ರ. ವಿಶ್ರಾಂತಿ ಎಂದರೆ ಗಂಟೆಗಳ ಮೊತ್ತವಲ್ಲ, ಅದು ಜೊತೆಯವರೊಂದಿಗೆ ಇರುವ ಹೊತ್ತು ಎಂಬುದನ್ನು ಸರದಿ ರಜೆಯ ಷರತ್ತು ಬರೆದವರು ಯೋಚಿಸಿದಂತೆ ಕಾಣುವುದಿಲ್ಲ.

ಹೊರದೇಶಗಳಲ್ಲಿ ಈ ಜಗಳ ನಡೆದದ್ದು ಇದೇ ಬಿಂದುವಿನಲ್ಲಿ. ಬ್ರಿಟನ್ನಿನಲ್ಲಿ 1986ರ ಏಪ್ರಿಲ್‌ನಲ್ಲಿ ಥ್ಯಾಚರ್ ಸರಕಾರ ಭಾನುವಾರದ ವ್ಯಾಪಾರವನ್ನು ಮುಕ್ತಗೊಳಿಸಲು ತಂದ ಮಸೂದೆ ಸಂಸತ್ತಿನಲ್ಲೇ ಸೋತಿತು. ಚರ್ಚಿನವರೂ ಕಾರ್ಮಿಕ ಸಂಘಗಳವರೂ ಒಂದೇ ಕಡೆ ನಿಂತ ಅಪರೂಪದ ಸಂದರ್ಭ ಅದು. 1994ರಲ್ಲಿ ಮತ್ತೆ ಕಾನೂನು ಬಂದಾಗ ಸಣ್ಣ ಅಂಗಡಿಗಳಿಗೆ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು, 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳಿಗೆ ಭಾನುವಾರ ಆರು ಗಂಟೆ ಮಾತ್ರ. ಅಂಗಡಿ ಕೆಲಸಗಾರನಿಗೆ ಭಾನುವಾರ ಬರುವುದಿಲ್ಲ ಎಂದು ಹೇಳುವ ಹಕ್ಕನ್ನೂ ಕಾನೂನಿನಲ್ಲೇ ಬರೆದರು. ಗಮನಿಸಿ: ಅಲ್ಲಿ ಚಿಕ್ಕವನಿಗೆ ಸಡಿಲ, ದೊಡ್ಡವನಿಗೆ ಬಿಗಿ. ನಮ್ಮ 2021ರ ಆದೇಶದಲ್ಲಿ ಇದು ತಿರುಗುಮುರುಗು. ಜರ್ಮನಿಯಲ್ಲಂತೂ ಭಾನುವಾರದ ವಿಶ್ರಾಂತಿ ಸಂವಿಧಾನದಲ್ಲೇ ಇದೆ, ಇಂದಿಗೂ ಬಹುತೇಕ ಅಂಗಡಿಗಳು ಅಂದು ಮುಚ್ಚಿರುತ್ತವೆ. ಆ ದೇಶದ ಕೈಗಾರಿಕೆ ಅದರಿಂದ ಮುಳುಗಿದಂತೆ ಕಾಣುವುದಿಲ್ಲ.

ಐಟಿಯವರು ಇದನ್ನೆಲ್ಲ ಬೇರೆಯವರ ಕತೆ ಎಂದು ತಿಳಿಯುವುದುಂಟು. ವಾರಕ್ಕೆ ಎರಡು ದಿನ ರಜೆ ಇರುವವರು ತಾವು, ಅಂಗಡಿ ತೆರೆದಿರುವುದು ತಮ್ಮ ಅನುಕೂಲಕ್ಕೆ. ಆದರೆ ಕಾಲ ಸರಿಯುತ್ತಿರುವ ದಿಕ್ಕನ್ನು ನೋಡಿ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿಯ ಸುಬ್ರಹ್ಮಣ್ಯನ್ 90 ಗಂಟೆಗೆ ಏರಿಸಿದರು. ಭಾನುವಾರವೂ ನಿಮ್ಮನ್ನು ದುಡಿಸಲು ಆಗುತ್ತಿಲ್ಲವಲ್ಲ ಎಂದು ಖೇದಪಟ್ಟರು, ಮನೆಯಲ್ಲಿ ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂಬರ್ಥದ ಮಾತನ್ನೂ ಆಡಿದರು. ಇವುಗಳ ನಡುವೆ 2024ರ ಜುಲೈಯಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ದಾರಿಯಾಗುವಂತೆ ತಿದ್ದುಪಡಿ ತರುವ ಪ್ರಸ್ತಾಪ ಹೊರಬಂತು. ನೌಕರರ ಸಂಘ ಬೀದಿಗಿಳಿದ ಮೇಲೆ ಅದು ತಣ್ಣಗಾಯಿತು. ತಿದ್ದಲು ಹೊರಟದ್ದು ಯಾವ ಕಾಯ್ದೆಯನ್ನು? ಅದೇ 1961ರ ಅಂಗಡಿ ಕಾಯ್ದೆಯನ್ನು. ಸಾಫ್ಟ್‌ವೇರ್ ಇಂಜಿನಿಯರನೂ ಬಟ್ಟೆಯಂಗಡಿಯ ಹುಡುಗಿಯೂ ಕಾನೂನಿನ ಕಣ್ಣಿನಲ್ಲಿ ಒಂದೇ ಸೂರಿನಡಿ ಇದ್ದಾರೆ. ಅವಳ ಭಾನುವಾರವನ್ನು ಕಳೆದವರ ಕೈ ಇವನ ಭಾನುವಾರದ ಕಡೆಗೂ ಚಾಚಿದೆ.

ಕಾರ್ಖಾನೆಗಳ ಸಂಗತಿಯೂ ಹಾಗೇ. 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನ ಯಾರನ್ನೂ ದುಡಿಸಕೂಡದು, ದುಡಿಸಿದರೆ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ಣ ರಜೆ ಕೊಡಬೇಕು ಎಂದಿತ್ತು. ಭಾನುವಾರ ನಿಯಮ, ಉಳಿದದ್ದು ಅಪವಾದ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದು ಎನ್ನುತ್ತದೆ. ರಜೆ ಉಳಿದಿದೆ, ದಿನ ಹೋಗಿದೆ. ಇದನ್ನು ಪತ್ರಿಕೆಗಳಲ್ಲಿ ಯಾರೂ ಹೆಚ್ಚು ಚರ್ಚಿಸಲಿಲ್ಲ. ಇನ್ನು ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಹುಡುಗನಿಗೆ ವಾರವೂ ಇಲ್ಲ, ದಿನವೂ ಇಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದದ್ದು ಸ್ವಾಗತಾರ್ಹ; ಪ್ರತಿ ವಹಿವಾಟಿನ ಮೇಲೆ ಕಂಪೆನಿಗಳಿಂದ ಶುಲ್ಕ ಪಡೆದು ಕಲ್ಯಾಣ ನಿಧಿ ಕಟ್ಟುವ ಯೋಜನೆ ಅದರಲ್ಲಿದೆ. ಅವನ ರಜೆಯ ಪ್ರಶ್ನೆ ಮಾತ್ರ ಇನ್ನೂ ಬಾಕಿ.

ಈಗ ನಮ್ಮ ಮನೆಯ ಮಾತು. ಹೊರವಲಯದ ಗ್ಯಾರೇಜು, ಬಿರಿಯಾನಿ ಹೋಟೆಲು, ಗುಜರಿ, ಮೊಬೈಲ್ ಅಂಗಡಿ, ಚಪ್ಪಲಿ ಅಂಗಡಿಗಳಲ್ಲಿ ಮಾಲೀಕರಾಗಿರುವ ನಮ್ಮವರು ಕಡಿಮೆಯಿಲ್ಲ. ಇಲ್ಲಿ ದುಡಿಯುವ ಹುಡುಗರು ಬಿಹಾರ, ಅಸ್ಸಾಮ್, ನಮ್ಮದೇ ರಾಯಚೂರು, ಯಾದಗಿರಿಯಿಂದ ಬಂದವರು. ಅನೇಕರು ಅಂಗಡಿಯ ಮೇಲೆಯೇ ಮಲಗುತ್ತಾರೆ. ಒಬ್ಬ ಮಾಲೀಕರನ್ನು ವಾರದ ರಜೆಯ ಬಗ್ಗೆ ಕೇಳಿದಾಗ, ‘‘ಭಾಯ್, ಜುಮಾಕ್ಕೆ ಬಿಡ್ತೀನಲ್ಲ, ಇನ್ನೇನು ರಜೆ ಬೇಕು ಅವನಿಗೆ?’’ ಎಂದು ಅಚ್ಚರಿಯಿಂದಲೇ ಕೇಳಿದರು. ಒಳ್ಳೆಯ ಮನುಷ್ಯ, ಐದು ಹೊತ್ತಿನ ನಮಾಝಿ, ಝಕಾತ್ ಲೆಕ್ಕ ಹಾಕಿ ಕೊಡುವವರು. ಸಬ್ಬತ್ ನಮ್ಮಲ್ಲಿಲ್ಲ ಎಂಬ ಧರ್ಮದ ಸರಳತೆಯನ್ನು ನಾವು ಹೀಗೆ ಕೆಲಸಗಾರನ ಮೇಲೆ ತಿರುಗಿಸಿದ್ದೇವೆ. ನಮಾಝ್ ಅಲ್ಲಾಹನ ಹಕ್ಕು, ಅದನ್ನು ರಜೆಯ ಲೆಕ್ಕಕ್ಕೆ ಹಿಡಿಯಲು ಮಾಲೀಕನಿಗೆ ಅಧಿಕಾರವಿಲ್ಲ. ನಿಮ್ಮ ಕೈಕೆಳಗಿನವರು ನಿಮ್ಮ ಸಹೋದರರು, ಶಕ್ತಿಮೀರಿದ ಭಾರವನ್ನು ಅವರ ಮೇಲೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಹಚ್ಚಿ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಮಿಂಬರ್ ಮೇಲಿಂದ ಎಷ್ಟು ಸಲ ಕೇಳಿದ್ದೇವೆ! ಅದರ ಅರ್ಥ ಅಂಗಡಿಯ ಗಲ್ಲಾಪೆಟ್ಟಿಗೆಯವರೆಗೆ ಬಂದಿಲ್ಲ.

ಇನ್ನೊಂದು ಕಹಿ ಸತ್ಯ. ಹತ್ತಕ್ಕಿಂತ ಕಡಿಮೆ ಮಂದಿಯ ಅಂಗಡಿಯನ್ನು ಹೊರಗಿಟ್ಟದ್ದು ಅನ್ಯಾಯ ಎಂದು ಮೇಲೆ ಬರೆದೆವು. ಆದರೆ ಅದೇ ಸಣ್ಣ ಅಂಗಡಿಯಲ್ಲಿ ಹುಡುಗನ ಸ್ಥಿತಿ ಮಾಲಿನವನಿಗಿಂತ ಕೆಟ್ಟದಾಗಿರುವುದುಂಟು. ಮಾಲಿನ ಹುಡುಗಿಗೆ ಮಂಗಳವಾರವಾದರೂ ಇದೆ. ಸಣ್ಣವನಿಗೆ ಸಡಿಲ ಕೇಳುವ ನಾವು ಅವನ ಆಳಿನ ರಜೆಯನ್ನೂ ಕೇಳದಿದ್ದರೆ ನಮ್ಮ ಮಾತಿಗೆ ಬೆಲೆಯಿಲ್ಲ. ಕೋಝಿಕೋಡಿನ ಬಟ್ಟೆಯಂಗಡಿಗಳ ಹೆಣ್ಣುಮಕ್ಕಳು ಕೆಲಸದ ನಡುವೆ ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೇರಳದ ಕಾನೂನನ್ನೇ ತಿದ್ದಿಸಿದರು. ಅಲ್ಲಿನ ಅಂಗಡಿ ಮಾಲೀಕರಲ್ಲೂ ನಮ್ಮವರು ಇದ್ದರು ಎಂಬುದನ್ನು ಮರೆಯಬಾರದು.

ಆದ್ದರಿಂದ ನಾವು ಕೇಳುವುದು ಇಷ್ಟು. ಅಂಗಡಿ ಭಾನುವಾರ ತೆರೆಯಲಿ, ದೊಡ್ಡದೂ ಚಿಕ್ಕದೂ ಒಂದೇ ನಿಯಮದಡಿ ತೆರೆಯಲಿ. ಆದರೆ ತಿಂಗಳಿಗೆ ಎರಡಾದರೂ ಭಾನುವಾರ ಪ್ರತಿ ಕೆಲಸಗಾರನ ಪಾಲಿಗೆ ಬರಬೇಕು. ಭಾನುವಾರ ಬರುವುದಿಲ್ಲ ಎಂದವನನ್ನು ಕೆಲಸದಿಂದ ತೆಗೆಯಬಾರದು. ಶುಕ್ರವಾರ ಮಧ್ಯಾಹ್ನದ ಒಂದು ಗಂಟೆ ಕೇಳುವ ಮುಸ್ಲಿಮನಿಗೂ, ಭಾನುವಾರ ಬೆಳಗ್ಗೆ ಇಗರ್ಜಿಗೆ ಹೋಗಬೇಕೆನ್ನುವ ಕ್ರೈಸ್ತನಿಗೂ ಅದು ಸಿಗಬೇಕು. ಜಮಾಅತಿನ ಸಮಿತಿಗಳು ಸರಕಾರವನ್ನು ಕಾಯಬೇಕಾಗಿಲ್ಲ. ತಮ್ಮ ಮಸೀದಿಗೆ ಬರುವ ವ್ಯಾಪಾರಿಗಳಿಂದಲೇ ಆರಂಭಿಸಬಹುದು. ರಮಝಾನಿನ ಕೊನೆಯ ಹತ್ತು ರಾತ್ರಿಗಳಲ್ಲಿ, ಅಂದರೆ ಹುಡುಗರನ್ನು ಅತಿ ಹೆಚ್ಚು ದುಡಿಸುವ ದಿನಗಳಲ್ಲಿ, ಈ ಮಾತನ್ನು ಎತ್ತಬಹುದು.

2021ರ ಆದೇಶದಲ್ಲಿ ದಿನದಿನವೂ ಯಾರು ರಜೆಯಲ್ಲಿದ್ದಾರೆಂದು ಅಂಗಡಿಯಲ್ಲಿ ಪ್ರಕಟಿಸಬೇಕು ಎಂದಿದ್ದುದನ್ನು ಹೇಳಿದೆವಲ್ಲ. ಈ ಲೇಖನ ಬರೆಯುವ ಮುನ್ನ ಹೊರವಲಯದ ಕೆಲವು ದೊಡ್ಡ ಮಳಿಗೆಗಳಲ್ಲಿ ಆ ಪಟ್ಟಿಗಾಗಿ ಕಣ್ಣಾಡಿಸಿದೆವು. ರಿಯಾಯಿತಿಯ ಫಲಕವಿತ್ತು, ಸಿಸಿಟಿವಿ ಇದೆ ಎಂಬ ಎಚ್ಚರಿಕೆ ಇತ್ತು, ಮಾರಿದ ಮಾಲನ್ನು ಹಿಂದೆ ಪಡೆಯುವುದಿಲ್ಲ ಎಂದೂ ಬರೆದಿತ್ತು. ರಜೆಯ ಪಟ್ಟಿ ಎಲ್ಲಿ ಎಂದು ಒಂದು ಕಡೆ ಕೇಳಿದಾಗ ಕೌಂಟರಿನ ಹುಡುಗ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ನಾವು ಇಲಾಖೆಯಿಂದ ಬಂದವರೆಂದು ತಿಳಿದು ಕುರ್ಚಿ ತರಿಸಿದರು.